ಅಣ್ಣ, ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ

ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ, ಪಾಸ್‌ಪೋರ್ಟ್ ಸೈಜು ಎಲ್ಲವನ್ನೂ ತೆಗೆದುಕೊಡುವ ನಮ್ಮ ಸಣ್ಣ ಊರುಗಳ ಸ್ಟುಡಿಯೊ ಬಂಧುಗಳಿಗೆ,



ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಚರ್ಮರೋಗ ವೈದ್ಯೆ. ನನ್ನ ತಮ್ಮ ನಿಮ್ಮ ವೃತ್ತಿಯವನೇ. ಬೆಳಗಿನ ಜಾವದ ಮುಹೂರ್ತವೆಂದರೆ ಹಿಂದಿನ ರಾತ್ರಿಯೇ ಲೈಟು, ಸ್ಟ್ಯಾಂಡು ಕಟ್ಟಿಕೊಂಡು ಹೊರಡುವುದನ್ನೂ, ಸೀಸನ್ ಮುಗಿದ ಮೇಲೆ ಬಾಕಿ ದುಡ್ಡಿಗೆ ಮನೆಮನೆ ಅಲೆಯುವುದನ್ನೂ ಹತ್ತಿರದಿಂದ ಕಂಡಿದ್ದೇನೆ. ಹಾಗಾಗಿ ಇದನ್ನು ದೂರ ನಿಂತು ಬೈಯುವವಳ ಪತ್ರ ಎಂದುಕೊಳ್ಳಬೇಡಿ. ನಿಮ್ಮಿಂದ ನನಗೆ ಒಂದು ಸಹಾಯ ಬೇಕು. ಕ್ರೀಮು ಮಾರುವ ಕಂಪನಿಗಳು ಅದನ್ನು ಮಾಡಲಾರವು, ಸರ್ಕಾರದ ಕಾನೂನು ಅಲ್ಲಿಯವರೆಗೆ ತಲುಪಲಾರದು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಗಿರಾಕಿ ಬಾಯಿಬಿಟ್ಟು ಹೇಳದಿದ್ದಾಗ ಅವರ ಮುಖವನ್ನು ಬೆಳ್ಳಗೆ ಮಾಡಿ ಕೊಡಬೇಡಿ. ಪಾಸ್‌ಪೋರ್ಟ್ ಸೈಜಿನಿಂದ ಹಿಡಿದು ಕರಿಜ್ಮಾ ಆಲ್ಬಮ್ಮಿನವರೆಗೆ ಮೈಬಣ್ಣ ಇದ್ದ ಹಾಗೇ ಬರಲಿ. ಅವರಾಗಿಯೇ ಕೇಳಿದರೆ ಏನು ಮಾಡಬೇಕು ಎಂಬುದು ಬೇರೆ ಮಾತು, ಅದಕ್ಕೂ ಬರುತ್ತೇನೆ.

ಇಷ್ಟು ಸಣ್ಣ ವಿಷಯಕ್ಕೆ ಪತ್ರ ಯಾಕೆ ಎಂದು ನಿಮಗೆ ಅನ್ನಿಸಬಹುದು. ನನ್ನ ಕೋಣೆಗೆ ಬರುವವರ ಕಥೆ ಕೇಳಿದರೆ ಇದು ಸಣ್ಣದಲ್ಲ ಎಂದು ನೀವೂ ಒಪ್ಪುತ್ತೀರಿ.

ನಾನು ವೃತ್ತಿ ಶುರುಮಾಡಿದ ಕಾಲದಲ್ಲಿ ಹುಡುಗಿಯರು ಸಿನಿಮಾ ನಟಿಯ ಹೆಸರು ಹೇಳಿ, ಅವರ ಥರ ಸ್ಕಿನ್ ಬೇಕು ಮೇಡಂ ಎನ್ನುತ್ತಿದ್ದರು. ಅವರಿಗೆ ಸಮಾಧಾನ ಹೇಳುವುದು ಸುಲಭವಿತ್ತು. ಆಕೆ ಬೇರೆ, ನೀನು ಬೇರೆ, ಅಲ್ಲಿ ಮೇಕಪ್ ಇದೆ, ಲೈಟಿದೆ ಅಂದರೆ ನಗುತ್ತಾ ಎದ್ದು ಹೋಗುತ್ತಿದ್ದರು. ಈಗ ಬರುವವರು ಮೊಬೈಲು ತೆಗೆದು ತಮ್ಮದೇ ಫೋಟೊ ತೋರಿಸುತ್ತಾರೆ. ಅಕ್ಕನ ಮದುವೆಯಲ್ಲಿ ತೆಗೆದದ್ದೋ, ಕಾಲೇಜು ಡೇ ದಿನದ್ದೋ. ಆ ಫೋಟೊದಲ್ಲಿ ಮೂಗು ಅವರದೇ, ಕಣ್ಣು ಅವರದೇ, ಬಣ್ಣ ಮಾತ್ರ ಅವರದಲ್ಲ. ‘ಇದು ನಾನೇ ಅಲ್ವಾ ಮೇಡಂ? ಫೋಟೊದಲ್ಲಿ ಬರುತ್ತೆ ಅಂದ್ರೆ ಮುಖದಲ್ಲೂ ಬರಬೇಕಲ್ವಾ?’ ಎಂದು ಕೇಳುತ್ತಾರೆ. ನಟಿಯ ಹಾಗೆ ಆಗಲಿಲ್ಲ ಎಂಬ ಬೇಸರವನ್ನು ಒಂದು ದಿನ ಮರೆಯಬಹುದು. ತಾನು ತನ್ನ ಹಾಗೇ ಇಲ್ಲ ಎಂಬ ಬೇಸರ ದಿನಾ ಕನ್ನಡಿಯ ಮುಂದೆ ನಿಂತಾಗ ಎದುರಾಗುತ್ತದೆ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. 2018ರಲ್ಲಿ ಬಾಸ್ಟನ್ನಿನ ಚರ್ಮವೈದ್ಯರು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದನ್ನೇ ಬರೆದರು: ಫಿಲ್ಟರ್ ಹಾಕಿದ ತಮ್ಮ ಸೆಲ್ಫಿಯಂತೆ ಮುಖ ಮಾಡಿಕೊಡಿ ಎಂದು ರೋಗಿಗಳು ಕೇಳುತ್ತಿದ್ದಾರೆ ಎಂದು. ಸ್ನ್ಯಾಪ್‌ಚಾಟ್ ಡಿಸ್ಮಾರ್ಫಿಯ ಎಂಬ ಹೆಸರು ಅಷ್ಟರಲ್ಲಾಗಲೇ ಚಾಲ್ತಿಗೆ ಬಂದಿತ್ತು. ಅಲ್ಲಿಯವರಿಗೆ ಮೂಗಿನ ಚಿಂತೆ, ತುಟಿಯ ಚಿಂತೆ. ನಮ್ಮಲ್ಲಿ ಎಲ್ಲಕ್ಕೂ ಮೊದಲು ಬಣ್ಣದ ಚಿಂತೆ.

ಆ ಚಿಂತೆ ಅವರನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ನಿಮಗೆ ಆಲ್ಬಮ್ ಕೊಟ್ಟ ದಿನಕ್ಕೆ ಕೆಲಸ ಮುಗಿಯುತ್ತದೆ, ಮುಂದಿನದ್ದು ಕಾಣುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸಣ್ಣ ಟ್ಯೂಬುಗಳು ಸಿಗುತ್ತವೆ. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂಬ ಸ್ಟೀರಾಯ್ಡ್ ಔಷಧಗಳು. ಇಸುಬು, ಸೋರಿಯಾಸಿಸ್‌ನಂಥ ಕಾಯಿಲೆಗಳಿಗೆ ವೈದ್ಯರು ಹೇಳಿದ ಅವಧಿಗೆ ಹಚ್ಚಬೇಕಾದವು. ಕೆಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಜೊತೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಕೂಡ ಸೇರಿರುತ್ತದೆ. ಅದು ಬಂಗಿನಂಥ ಕಲೆಗೆ ವೈದ್ಯರ ಕಣ್ಣಿನಡಿ ಬಳಸುವ ಮದ್ದು. ಗೆಳತಿಯೋ ಪಾರ್ಲರಿನವರೋ ಅಂಗಡಿಯವರೋ ಇದನ್ನೇ ಫೇರ್‌ನೆಸ್ ಕ್ರೀಮು ಎಂದು ಹೇಳಿ ಕೊಡಿಸುತ್ತಾರೆ. ಮೊದಲ ಕೆಲವು ವಾರ ಮುಖ ನಿಜವಾಗಿಯೂ ತಿಳಿಯಾಗುತ್ತದೆ. ರಕ್ತನಾಳಗಳು ಕುಗ್ಗುತ್ತವೆ, ಬಣ್ಣ ಮಾಡುವ ಜೀವಕೋಶಗಳ ಕೆಲಸ ತಗ್ಗುತ್ತದೆ. ಮನೆಯವರೆಲ್ಲ, ಕಲರ್ ಬಂದಿದೀಯ ಕಣೇ ಎನ್ನುತ್ತಾರೆ. ಆಮೇಲೆ ಚರ್ಮ ತೆಳುವಾಗುತ್ತದೆ. ಕೆನ್ನೆಯ ಮೇಲೆ ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಗಲ್ಲದ ಮೇಲೆ ಕೂದಲು ಬರುತ್ತದೆ. ಬಿಸಿಲಿಗೆ ಹೋದರೆ ಉರಿ, ಒಲೆಯ ಮುಂದೆ ನಿಂತರೆ ಉರಿ. ಕ್ರೀಮು ನಿಲ್ಲಿಸಿದರೆ ಉರಿ ಇನ್ನೂ ಹೆಚ್ಚು, ಹಾಗಾಗಿ ಮತ್ತೆ ಹಚ್ಚುತ್ತಾರೆ. ಇದರಿಂದ ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷಗಳೂ ಹಿಡಿಯುತ್ತವೆ.

2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ 12 ಕೇಂದ್ರಗಳ ಚರ್ಮವೈದ್ಯರು ಮುಖದ ತೊಂದರೆಯೆಂದು ಬಂದ 2,926 ಜನರನ್ನು ಪರೀಕ್ಷಿಸಿದ್ದರು. ಅವರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹೇಳಿದವರು ವೈದ್ಯರೇ ಆಗಿರಲಿಲ್ಲ. ಸುಮಾರು ಶೇ. 29ರಷ್ಟು ಮಂದಿ ಅದನ್ನು ಫೇರ್‌ನೆಸ್ ಕ್ರೀಮಿನಂತೆಯೋ ದಿನಬಳಕೆಯ ಕ್ರೀಮಿನಂತೆಯೋ ಬಳಸುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಆದರೂ ಟ್ಯೂಬುಗಳು ಕೈಸೇರುತ್ತಲೇ ಇವೆ. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿನ ಮೂತ್ರಪಿಂಡ ತಜ್ಞರು ಕಿಡ್ನಿ ಕಾಯಿಲೆಯ ಹಲವು ಪ್ರಕರಣಗಳ ಹಿಂದೆ ಪಾದರಸವಿರುವ ಬೆಳ್ಳಗಾಗುವ ಕ್ರೀಮುಗಳನ್ನು ಪತ್ತೆಹಚ್ಚಿದ್ದರು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಮುಟ್ಟಿತ್ತು.

ಇದರಲ್ಲಿ ನಮ್ಮ ಪಾತ್ರ ಏನಿದೆ, ನಾವೇನು ಕ್ರೀಮು ಮಾರಿದೆವಾ ಎಂದು ನೀವು ಕೇಳಬಹುದು. ಇಲ್ಲ, ಮಾರಿಲ್ಲ. ಈ ಆಸೆಯನ್ನು ಬಿತ್ತಿದವರು ನೀವಲ್ಲ, ಅದು ನನಗೆ ಗೊತ್ತು.

ಬಿತ್ತಿದವರ ಲೆಕ್ಕ ದೊಡ್ಡದು. ಹುಡುಗಿ ಕಲರ್ ಕಮ್ಮಿ ಎಂಬ ಮಾತು ಜಾಹೀರಾತಿಗಿಂತ ಹಳೆಯದು, ಜಾತಿಯ ಲೆಕ್ಕಾಚಾರವೂ ಬಿಸಿಲಲ್ಲಿ ದುಡಿಯುವವರನ್ನು ಕೀಳು ಮಾಡಿದ ಬುದ್ಧಿಯೂ ಅದರ ಹಿಂದಿದೆ. ಆದರೆ ಆ ಮಾತಿಗೆ ಟ್ಯೂಬಿನ ರೂಪ ಕೊಟ್ಟು ಊರೂರಿಗೆ ಹಂಚಿದ್ದು 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ. ಅದರ ಜಾಹೀರಾತಿನ ಕಥೆ ನಿಮಗೆಲ್ಲ ಬಾಯಿಪಾಠ ಆಗಿರಬೇಕು. ಮೊದಲು ಮಂಕಾದ ಬೆಳಕಿನಲ್ಲಿ ತಲೆತಗ್ಗಿಸಿ ಕೂತ ಕಪ್ಪು ಹುಡುಗಿ, ಕೊನೆಗೆ ಝಗಮಗಿಸುವ ಬೆಳಕಿನಲ್ಲಿ ಅದೇ ಹುಡುಗಿ ಬೆಳ್ಳಗೆ. ನಡುವೆ ಮದುವೆಯೋ ಕೆಲಸವೋ ಕೂಡಿಬರುತ್ತಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಬಂದ ಒಂದು ಜಾಹೀರಾತಿನಲ್ಲಿ, ಗಂಡು ಮಗ ಇದ್ದಿದ್ದರೆ ಎಂದು ಅಪ್ಪ ಕೊರಗುತ್ತಾನೆ; ಮಗಳು ಕ್ರೀಮು ಹಚ್ಚಿ, ಬೆಳ್ಳಗಾಗಿ, ಗಗನಸಖಿಯಾಗಿ ಅಪ್ಪನಿಗೆ ಆಸರೆಯಾಗುತ್ತಾಳೆ. ಜನವಾದಿ ಮಹಿಳಾ ಸಂಘಟನೆಯವರು ಇದರ ವಿರುದ್ಧ ಹೋರಾಡಿ, 2003ರಲ್ಲಿ ಅದು ತೆರೆಯಿಂದ ಇಳಿಯುವಂತೆ ಮಾಡಿದರು. ಗಂಡುಮಕ್ಕಳನ್ನೂ ಇದು ಬಿಡಲಿಲ್ಲ. 2005ರಲ್ಲಿ ಫೇರ್ ಅಂಡ್ ಹ್ಯಾಂಡ್‌ಸಮ್ ಬಂತು.

ಪ್ರತಿರೋಧವೂ ಬೆಳೆಯುತ್ತಾ ಬಂತು. 2009ರಲ್ಲಿ ಚೆನ್ನೈಯ ‘ವಿಮೆನ್ ಆಫ್ ವರ್ತ್’ ಸಂಸ್ಥೆ ಕಪ್ಪೇ ಚೆಂದ ಎಂಬ ಅರ್ಥದ ‘ಡಾರ್ಕ್ ಈಸ್ ಬ್ಯೂಟಿಫುಲ್’ ಅಭಿಯಾನ ಆರಂಭಿಸಿತು. ಮುಂದೆ ನಟಿ ನಂದಿತಾ ದಾಸ್ ಅದಕ್ಕೆ ದನಿಯಾದರು. 2014ರಲ್ಲಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಕಪ್ಪು ಮೈಬಣ್ಣದವರನ್ನು ದುಃಖಿಗಳಂತೆ, ಸೋತವರಂತೆ ತೋರಿಸಕೂಡದು ಎಂದು ನಿಯಮ ಮಾಡಿತು. 2020ರಲ್ಲಿ ಅಮೆರಿಕದ ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ ಎದ್ದ ಅಲೆಯಲ್ಲಿ ಫೇರ್ ಅಂಡ್ ಲವ್ಲಿಯ ಕಂಪನಿ ತನ್ನ ಕ್ರೀಮಿನ ಹೆಸರಿನಿಂದ ಫೇರ್ ಪದ ತೆಗೆದು ಗ್ಲೋ ಅಂಡ್ ಲವ್ಲಿ ಎಂದು ಬದಲಿಸಿತು. ಅದೇ ತಿಂಗಳುಗಳಲ್ಲಿ ಒಂದು ಮದುವೆ ಜಾಲತಾಣ ಮೈಬಣ್ಣದ ಮೇಲೆ ಸಂಬಂಧ ಹುಡುಕುವ ಸೌಲಭ್ಯವನ್ನು ಕಿತ್ತುಹಾಕಿತು.

ಹಾಗಾದರೆ ಬಣ್ಣದ ಚಿಂತೆ ಇಷ್ಟರಲ್ಲಿ ಹಗುರಾಗಬೇಕಿತ್ತಲ್ಲ? ಆಗಲಿಲ್ಲ. ಯಾಕೆಂದರೆ ಅದೇ 2020ರ ಜುಲೈನಲ್ಲಿ, ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ಶುರುಮಾಡಿತು. ಟಿ.ವಿ. ಜಾಹೀರಾತು ಧಾರಾವಾಹಿಯ ಮಧ್ಯೆ ಅರ್ಧ ನಿಮಿಷ ಬಂದು ಹೋಗುತ್ತಿತ್ತು, ಅದು ಜಾಹೀರಾತು ಎಂದು ಮಗುವಿಗೂ ತಿಳಿಯುತ್ತಿತ್ತು. ಈಗ ಅದು ಪಕ್ಕದ ಬೀದಿಯ ಹುಡುಗಿಯ ಮಾತಿನ ರೂಪದಲ್ಲಿ ಬರುತ್ತದೆ. ದುಡ್ಡು ಪಡೆದು ಹೇಳುತ್ತಿದ್ದರೆ ಹಾಗೆಂದು ತಿಳಿಸಬೇಕು ಎಂಬ ನಿಯಮ 2021ರಿಂದ ಇದೆ. ಎಷ್ಟು ಜನ ಪಾಲಿಸುತ್ತಾರೆ ಎಂಬುದನ್ನು ನಿಮ್ಮ ಮೊಬೈಲಿನಲ್ಲೇ ನೋಡಿಕೊಳ್ಳಬಹುದು. ಇನ್‌ಸ್ಟಾಗ್ರಾಂ ಪುಕ್ಕಟೆ ಸಿಗುವುದರ ಕಾರಣವೂ ತಿಳಿದಿರಲಿ. 2023ರಲ್ಲಿ ಅದರ ಒಡೆಯ ಮೆಟಾ ಕಂಪನಿಯ ಆದಾಯ ಸುಮಾರು 13,500 ಕೋಟಿ ಡಾಲರ್, ಅದರಲ್ಲಿ ಸುಮಾರು 13,200 ಕೋಟಿ ಜಾಹೀರಾತಿನಿಂದಲೇ ಬಂದದ್ದು. ಹುಡುಗಿಯೊಬ್ಬಳು ಒಂದು ಕ್ರೀಮಿನ ವಿಡಿಯೊ ಮೇಲೆ ನಾಲ್ಕು ಕ್ಷಣ ಹೆಚ್ಚು ನಿಂತರೆ ಸಾಕು, ಅಂಥದ್ದೇ ಇನ್ನಷ್ಟು ಬಂದು ಸಾಲುಗಟ್ಟುತ್ತವೆ. ತನ್ನ ಬಗ್ಗೆ ಬೇಸರಪಟ್ಟುಕೊಂಡವಳು ಹೆಚ್ಚು ಹೊತ್ತು ನೋಡುತ್ತಾಳೆ, ಹೆಚ್ಚು ಕೊಳ್ಳುತ್ತಾಳೆ. 2021ರಲ್ಲಿ ಆ ಕಂಪನಿಯ ಮಾಜಿ ನೌಕರೆ ಫ್ರಾನ್ಸಿಸ್ ಹಾಗನ್ ಹೊರತಂದ ಒಳಕಾಗದಗಳಲ್ಲಿ ಹದಿಹರೆಯದ ಹುಡುಗಿಯರ ಮಾತಿತ್ತು: ತಮ್ಮ ದೇಹದ ಬಗ್ಗೆ ಬೇಸರ ಇದ್ದಾಗ ಇನ್‌ಸ್ಟಾಗ್ರಾಂ ಅದನ್ನು ಇನ್ನೂ ಹೆಚ್ಚಿಸಿತು ಎಂದು ಅವರಲ್ಲಿ ಶೇ. 32ರಷ್ಟು ಮಂದಿ ಹೇಳಿದ್ದರು. ಆ ಅಂಕಿಯನ್ನು ಹಾಗೆ ಓದಬಾರದು ಎಂದು ಕಂಪನಿ ವಾದಿಸಿತು. ನನ್ನ ಕೋಣೆಯಲ್ಲಿ ಕೂತು ನೋಡಿದರೆ ಅದನ್ನು ಬೇರೆ ಹೇಗೆ ಓದಬೇಕೋ ನನಗೆ ತಿಳಿಯದು.

ಇಷ್ಟೆಲ್ಲ ದೊಡ್ಡ ಶಕ್ತಿಗಳಿರುವಾಗ ಪತ್ರ ನಿಮಗೇ ಯಾಕೆ? ಅವರು ಯಾರೂ ನಮ್ಮೂರಿನವರಲ್ಲ. ಜಾಹೀರಾತಿನ ಹುಡುಗಿ ಎಲ್ಲಿಯವಳೋ, ಫಿಲ್ಟರು ಮಾಡಿದ ಎಂಜಿನಿಯರು ಎಲ್ಲಿಯವನೋ. ನೀವು ಹಾಗಲ್ಲ. ನಿಮ್ಮನ್ನು ಊರಿನ ಮಗು ಅಣ್ಣ ಎಂದು ಕರೆಯುತ್ತದೆ. ನಿಮಗೆ ಅದರ ಅಪ್ಪ ಗೊತ್ತು, ಅಜ್ಜಿ ಗೊತ್ತು. ಒಂದನೇ ತರಗತಿಗೆ ಸೇರಿಸುವಾಗ ಅಪ್ಪ ಕೈಹಿಡಿದು ಕರೆತಂದು ನಿಮ್ಮ ಸ್ಟೂಲಿನ ಮೇಲೆ ಕೂರಿಸುತ್ತಾನೆ. ಗಲ್ಲ ಮೇಲೆತ್ತಿ, ಇಲ್ನೋಡು ಪುಟ್ಟಾ ಎಂದು ಕ್ಲಿಕ್ ಮಾಡುತ್ತೀರಿ. ಕಂಪ್ಯೂಟರಿನಲ್ಲಿ ಹಿನ್ನೆಲೆ ನೀಲಿ ಮಾಡುವಾಗಲೇ ಕೈ ತಂತಾನೇ ಹೋಗಿ ಮುಖವನ್ನೂ ಎರಡು ಮೆಟ್ಟಿಲು ಮೇಲೆತ್ತುತ್ತದೆ. ಯಾರೂ ಕೇಳಿರುವುದಿಲ್ಲ. ಆ ಮಗು ಪಕ್ಕದಲ್ಲೇ ನಿಂತು ಪರದೆ ನೋಡುತ್ತಿರುತ್ತದೆ. ತನ್ನ ಮುಖದಲ್ಲಿ ತಿದ್ದಬೇಕಾದ್ದು ಏನೋ ಇದೆ ಎಂಬುದನ್ನು ಅದು ಅಲ್ಲಿ ಮೊದಲ ಸಲ ತಿಳಿಯುತ್ತದೆ, ಅದೂ ತನ್ನನ್ನು ಅಕ್ಕರೆಯಿಂದ ಮಾತಾಡಿಸಿದ ಅಣ್ಣನಿಂದ. ಮುಂದೆ ಟಿ.ವಿ., ಮೊಬೈಲು ಹೇಳುವುದನ್ನೆಲ್ಲ ಅದು ನಂಬುವುದಕ್ಕೆ ನೆಲ ಹದವಾಗುವುದು ಅಲ್ಲಿ.

ನಿಮ್ಮ ಮನಸ್ಸಿನಲ್ಲಿ ಕೆಡುಕಿಲ್ಲ. ಚೆನ್ನಾಗಿ ಕಾಣಲಿ ಎಂದೇ ಮಾಡುತ್ತೀರಿ. ಆದರೆ ಒಮ್ಮೆ ಆ ಮಗುವಿನ ಜಾಗದಲ್ಲಿ ನಿಂತು ನೋಡಿ ಎಂದು ಕೇಳುತ್ತೇನೆ.

ಈಗ ಗಿರಾಕಿಯ ಮಾತಿಗೆ ಬರೋಣ. ಬೆಳ್ಳಗೆ ಮಾಡದಿದ್ದರೆ ಎದುರು ಸ್ಟುಡಿಯೊಗೆ ಹೋಗುತ್ತಾರೆ, ಆಲ್ಬಮ್ ವಾಪಸು ತಂದು ಎಸೆಯುತ್ತಾರೆ ಎಂದು ನನ್ನ ತಮ್ಮನೂ ಹೇಳುತ್ತಾನೆ. ಅದು ಸುಳ್ಳಲ್ಲ. ಹೊಟ್ಟೆಪಾಡು ನಿಮ್ಮದು, ಉಪದೇಶ ನನ್ನದು ಎಂದಾಗಬಾರದು. ಆದರೆ ನಾನು ಅವನಿಗೆ ಒಂದು ಪ್ರಶ್ನೆ ಕೇಳಿದೆ: ಫೋಟೊ ನೋಡಿ ಕಪ್ಪಗೆ ಬಂದಿದೆ ಎನ್ನುವವರಲ್ಲಿ, ನಿಜಕ್ಕೂ ಮೈಬಣ್ಣಕ್ಕಿಂತ ಕಪ್ಪಗೆ ಬಂದ ಫೋಟೊ ಎಷ್ಟು? ಅವನು ಸ್ವಲ್ಪ ಯೋಚಿಸಿ, ಸುಮಾರಿದೆ ಅಕ್ಕಾ ಅಂದ. ಬೆಳಕು ಸರಿಯಾಗಿ ಬೀಳದೆ, ಮೀಟರು ಮೋಸಹೋಗಿ ಮಂಕಾದ ಮುಖ ಅದು. ಗಿರಾಕಿಯ ದೂರಿನಲ್ಲಿ ಅರ್ಧ ಸತ್ಯ ಇರುತ್ತದೆ. ಅವರ ಬಾಯಲ್ಲಿ ಅದು ‘ಕಪ್ಪಗೆ ಬಂದಿದೆ’ ಎಂದು ಬರುತ್ತದೆ, ನಿಜವಾಗಿ ಅವರು ಕೇಳುತ್ತಿರುವುದು ಮುಖಕ್ಕೆ ಕಳೆ. ಕಳೆಯನ್ನು ಬೆಳಕಿನಿಂದ ತರಬಹುದು, ಬಿಳಿ ಬಳಿದು ತರಲಾಗದು.

ನಿಮ್ಮ ಕಸುಬಿನ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಕಲರ್ ರೋಲ್ ಹಾಕಿ ತೊಳೆಸುತ್ತಿದ್ದ ಕಾಲವನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಆ ರೋಲಿನ ರಸಾಯನ, ಲ್ಯಾಬಿನ ಪ್ರಿಂಟರಿನ ಬಣ್ಣ ಎಲ್ಲವನ್ನೂ ಹೊಂದಿಸುತ್ತಿದ್ದದ್ದು ಒಂದು ಮಾದರಿ ಕಾರ್ಡು ಇಟ್ಟುಕೊಂಡು. ಅದರಲ್ಲಿ ಒಬ್ಬ ಬಿಳಿಯ ಹೆಣ್ಣುಮಗಳ ಚಿತ್ರ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡು ಎಂದೇ ಹೆಸರು. ಅವಳ ಕೆನ್ನೆ ಸರಿಯಾಗಿ ಬಂದರೆ ಫಿಲಂ ಸರಿ, ಲ್ಯಾಬು ಸರಿ. ಕಪ್ಪು ಮುಖ ಆ ಲೆಕ್ಕದಲ್ಲಿರಲೇ ಇಲ್ಲ. ಅದಕ್ಕೇ ಹಳೆಯ ಗ್ರೂಪ್ ಫೋಟೊಗಳಲ್ಲಿ ಕಪ್ಪಗಿದ್ದವರ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟು ಬೇರೇನೂ ಕಾಣದಂತಾಗುತ್ತಿತ್ತು. ಕೆನಡಾದ ಲೋರ್ನಾ ರಾತ್ ಎಂಬ ವಿದ್ವಾಂಸೆ ಈ ಇತಿಹಾಸವನ್ನು ಬಿಡಿಸಿ ಬರೆದಿದ್ದಾರೆ. 1970ರ ದಶಕದ ಕೊನೆಯಲ್ಲಿ ಮೊಜಾಂಬಿಕ್‌ಗೆ ಕೆಲಸಕ್ಕೆ ಹೋದ ಫ್ರೆಂಚ್ ನಿರ್ದೇಶಕ ಗೊಡಾರ್, ಕೊಡಾಕ್ ಫಿಲಂ ವರ್ಣಭೇದ ಮಾಡುತ್ತದೆ, ಬಳಸುವುದಿಲ್ಲ ಎಂದರೆಂಬುದು ಪ್ರಸಿದ್ಧ. ನನ್ನನ್ನು ಬಹಳ ದಿನ ಕಾಡಿದ ವಿಷಯ ಇನ್ನೊಂದಿದೆ. ಕೊಡಾಕ್ ಕಡುಬಣ್ಣಗಳನ್ನು ಚೆನ್ನಾಗಿ ಹಿಡಿಯುವತ್ತ ಗಮನ ಕೊಟ್ಟದ್ದಕ್ಕೆ ಒಂದು ಮುಖ್ಯ ಕಾರಣ ಚಾಕೊಲೇಟು ಮತ್ತು ಮರದ ಪೀಠೋಪಕರಣ ತಯಾರಕರ ದೂರು ಎಂದು ರಾತ್ ದಾಖಲಿಸುತ್ತಾರೆ. ತಮ್ಮ ಸರಕಿನ ಕಂದು ಛಾಯೆಗಳ ವ್ಯತ್ಯಾಸ ಜಾಹೀರಾತಿನ ಚಿತ್ರದಲ್ಲಿ ಕಾಣುತ್ತಿಲ್ಲ ಎಂದು ಅವರು ಕೇಳಿದರು, ಫಿಲಂ ಬದಲಾಯಿತು. ಮನುಷ್ಯರ ಮುಖ ಅಷ್ಟು ವರ್ಷ ಕಾದಿತ್ತು.

ಅಂದರೆ ಕಪ್ಪು ಮುಖ ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ ಎಂದು ನಮ್ಮ ಹಿರಿಯರು ನಂಬಿದ್ದರಲ್ಲ, ಅದರಲ್ಲಿ ಒಂದು ಪಾಲು ಫಿಲಂನ ದೋಷ. ಈಗಿನ ಕ್ಯಾಮೆರಾಗಳು ಆ ಮಿತಿಯನ್ನು ಎಷ್ಟೋ ದಾಟಿವೆ. ನಂಬಿಕೆ ಮಾತ್ರ ಉಳಿದುಕೊಂಡಿದೆ.

ತಾಂತ್ರಿಕ ಮಾತು ನಿಮಗೆ ನಾನು ಹೇಳಿಕೊಡಬೇಕಿಲ್ಲ, ತಮ್ಮನ ಬಳಿ ಕೇಳಿ ತಿಳಿದದ್ದನ್ನಷ್ಟೇ ನೆನಪಿಸುತ್ತೇನೆ. ಕ್ಯಾಮೆರಾದ ಮೀಟರು ಎದುರಿಗಿರುವುದೆಲ್ಲವೂ ನಡುಮಟ್ಟದ ಬೂದು ಎಂದುಕೊಂಡು ಲೆಕ್ಕ ಹಾಕುತ್ತದೆ. ಧಾರೆಯ ಹೊತ್ತಿನಲ್ಲಿ ಬಿಳಿ ಪಂಚೆ, ಜರಿಸೀರೆ, ಹಿಂದೆ ಹೂವಿನ ಗೋಡೆಯ ಮೇಲೆ ಎಲ್‌ಇಡಿ ದೀಪಗಳ ಹೊಳಪು. ಅದಷ್ಟನ್ನೂ ಸೇರಿಸಿ ಲೆಕ್ಕ ಹಾಕಿದ ಮೀಟರು ಬೆಳಕು ಕಡಿಮೆ ಮಾಡುತ್ತದೆ, ಮುಖ ಕಪ್ಪಿಟ್ಟು ಹೋಗುತ್ತದೆ. ಮುಖದ ಮೇಲೆ ಸ್ಪಾಟ್ ಮೀಟರ್ ಹಿಡಿದು ತೆಗೆದ ಚಿತ್ರಕ್ಕೂ ಇದಕ್ಕೂ ಅಜಗಜಾಂತರ. ಕ್ಯಾಮೆರಾದ ತಲೆಯ ಮೇಲಿನ ಫ್ಲಾಶ್ ನೇರ ಹೊಡೆದರೆ ಕಪ್ಪು ಹಣೆಯ ಮೇಲೆ ಎಣ್ಣೆಯ ಹೊಳಪೊಂದೇ ಉಳಿಯುತ್ತದೆ. ಅದನ್ನೇ ಪಕ್ಕದಿಂದ, ದೊಡ್ಡ ಸಾಫ್ಟ್‌ಬಾಕ್ಸಿನಿಂದ ಕೊಟ್ಟರೆ, ಅದೂ ಇಲ್ಲದಿದ್ದರೆ ಥರ್ಮಾಕೋಲ್ ಶೀಟಿಗೆ ಬಡಿಸಿ ತಿರುಗಿಸಿದರೆ, ಕೆನ್ನೆಯ ತಿರುವು, ಮೂಗಿನ ನೇರ, ಗಲ್ಲದ ಗುಳಿ ಒಂದೊಂದೂ ಎದ್ದು ಬರುತ್ತವೆ. ವೇದಿಕೆಯ ನೇರಳೆ, ಗುಲಾಬಿ ದೀಪಗಳಲ್ಲಿ ಕಂದು ಮೈಬಣ್ಣ ಬೂದಿ ಹಿಡಿದಂತೆ ಕಾಣುತ್ತದೆ, ವೈಟ್ ಬ್ಯಾಲೆನ್ಸ್ ಸರಿಮಾಡಿದರೆ ಬೆಚ್ಚಗಿನ ಕಂದು ಮರಳಿ ಬರುತ್ತದೆ. ಲೈಟ್‌ರೂಮಿನಲ್ಲಿ ಕಿತ್ತಳೆಯ ಲ್ಯೂಮಿನನ್ಸ್ ಏರಿಸಿ, ಸ್ಯಾಚುರೇಶನ್ ಇಳಿಸುವ ಆ ಒಂದು ಎಳೆತ ಇದೆಯಲ್ಲ, ಅದನ್ನು ಮಾಡಿದಾಗ ಬಣ್ಣದ ಜೊತೆಗೆ ಈ ತಿರುವುಗಳೂ ಅಳಿಸಿಹೋಗುತ್ತವೆ. ಆ ಮುಖ ಯಾರದು ಬೇಕಾದರೂ ಆಗಬಹುದು.

ಬೆಳಕಿನ ವಿಷಯದಲ್ಲಿ ನಮ್ಮ ನಾಡು ಬಡವಲ್ಲ. ಮೈಸೂರಿನ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಕನ್ನಡಿಗಳಲ್ಲಿ ಸೂರ್ಯನ ಬೆಳಕನ್ನು ಹಿಡಿದು ಸ್ಟುಡಿಯೊ ಒಳಗೆ ಕೋಲಿನಂತೆ ಇಳಿಸಿದವರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. ಅದೇ ಮೈಸೂರಿನ ಟಿ.ಎಸ್. ಸತ್ಯನ್ ಹಳ್ಳಿಯ ಮಕ್ಕಳು, ದುಡಿಯುವ ಹೆಂಗಸರು, ಮುದುಕರನ್ನು ಚಿತ್ರಿಸಿದರು. ಆ ಮುಖಗಳು ಇದ್ದ ಬಣ್ಣದಲ್ಲೇ ಇವೆ, ಅವುಗಳ ಘನತೆ ನೋಡಿದವರಿಗೆ ಗೊತ್ತು. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಬಾಲರಾಮನನ್ನು ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ್ದು ಮೈಸೂರು ಸೀಮೆಯ ಕಪ್ಪು ಕಲ್ಲಿನಲ್ಲಿ. ಆ ಕಪ್ಪು ಕೆನ್ನೆಯ ನಗುವನ್ನು ನಮ್ಮವರು ಮೊಬೈಲಿನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಿ ಕೈಮುಗಿದರು, ಬೆಳ್ಳಗೆ ಮಾಡಿ ಎಂದು ಯಾರೂ ಕೇಳಲಿಲ್ಲ. ಚೆನ್ನೈನ ಇಬ್ಬರು ಗೆಳೆಯರು, ನರೇಶ್ ನಿಲ್ ಮತ್ತು ಭರದ್ವಾಜ್ ಸುಂದರ್, ಲಕ್ಷ್ಮಿ, ಸೀತೆಯರನ್ನು ಕಪ್ಪು ಮೈಬಣ್ಣದ ರೂಪದರ್ಶಿಗಳಲ್ಲಿ ಚಿತ್ರಿಸಿ ‘ಡಾರ್ಕ್ ಈಸ್ ಡಿವೈನ್’ ಎಂಬ ಸರಣಿ ಮಾಡಿದ್ದಾರೆ. ಸಿಕ್ಕರೆ ನೋಡಿ, ಬೆಳಕು ಕೊಟ್ಟ ರೀತಿಗಾಗಿಯಾದರೂ ನೋಡಿ.

ಮದುವೆಗೆ ಮುಂಚಿನ ಫೋಟೊದ ಬಗ್ಗೆ ಬೇರೆಯಾಗಿ ಹೇಳಬೇಕು, ಯಾಕೆಂದರೆ ಅಲ್ಲಿ ನೋವು ಹೆಚ್ಚು. ಸಂಬಂಧ ನೋಡಲು ಕಳಿಸುವ ಫೋಟೊವನ್ನು ತಾಯಂದಿರು ನಿಮ್ಮ ಬಳಿಯೇ ತೆಗೆಸುತ್ತಾರೆ. ಅಣ್ಣ, ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ ಎಂದು ಕೇಳುವುದೂ ಅವರೇ. ಮಗಳ ಮೇಲಿನ ಚಿಂತೆಯಿಂದ ಕೇಳುತ್ತಾರೆ. ಫೋಟೊ ವಾಟ್ಸ್‌ಆ್ಯಪಿನಲ್ಲಿ ಹೋಗುತ್ತದೆ, ಗಂಡಿನ ಕಡೆಯವರು ಒಪ್ಪಿ ಹೆಣ್ಣು ನೋಡಲು ಬರುತ್ತಾರೆ. ಆಕೆ ಕಾಫಿ, ಉಪ್ಪಿಟ್ಟು ತಂದಿಟ್ಟು ಎದುರು ಕೂರುತ್ತಾಳೆ. ಬಂದವರ ಕಣ್ಣು ಮುಖದಿಂದ ಮೊಬೈಲಿಗೆ, ಮೊಬೈಲಿನಿಂದ ಮುಖಕ್ಕೆ ಹೋಗುವುದನ್ನು ಆ ಹುಡುಗಿ ನೋಡುತ್ತಿರುತ್ತಾಳೆ. ಫೋಟೊದಲ್ಲಿ ಬೇರೆ ಥರ ಇದ್ರು ಎಂದು ಯಾರೋ ಮೆಲ್ಲಗೆ ಹೇಳುತ್ತಾರೆ. ಅದು ಆಕೆಯ ಕಿವಿಗೆ ಬೀಳುತ್ತದೆ. ನನ್ನ ಎದುರು ಕೂತು ಇದನ್ನು ಹೇಳಿ ಅತ್ತವರಿದ್ದಾರೆ. ಇದ್ದ ಹಾಗೆ ಫೋಟೊ ಕಳಿಸಿದ್ದರೆ ಬಣ್ಣ ಬೇಕೆನ್ನುವವರು ಬರುತ್ತಲೇ ಇರಲಿಲ್ಲ, ಬಂದವರು ಅವಳನ್ನು ಕಂಡೇ ಬಂದವರಾಗಿರುತ್ತಿದ್ದರು. ಇದನ್ನು ಆ ತಾಯಿಗೆ ಹೇಳಬಲ್ಲವರು ನೀವು. ವೈದ್ಯೆ ಹೇಳಿದರೆ ಮೇಡಂಗೇನು ಗೊತ್ತು ಎನ್ನುತ್ತಾರೆ. ನೂರಾರು ಮದುವೆ ಕಂಡ ನೀವು, ಅಮ್ಮಾ, ಇದ್ದ ಹಾಗೇ ಕಳಿಸೋಣ, ನಾನು ಬೆಳಕು ಚೆನ್ನಾಗಿ ಕೊಡ್ತೀನಿ ಎಂದರೆ ಕೇಳುತ್ತಾರೆ.

ಇನ್ನೊಂದು ಕೆಲಸ ಈಚೆಗೆ ನಿಮ್ಮ ಬಳಿ ಬರುತ್ತಿದೆ. ಪಾರ್ಲರುಗಳು, ಗ್ಲುಟಾಥಯೋನ್ ಚುಚ್ಚುಮದ್ದು ಕೊಡುವ ಕ್ಲಿನಿಕ್ಕುಗಳು ಇನ್‌ಸ್ಟಾಗ್ರಾಂಗಾಗಿ ಮೊದಲು–ನಂತರದ ಚಿತ್ರ ತೆಗೆಸುತ್ತವೆ. ಮೊದಲಿನದ್ದು ಟ್ಯೂಬ್‌ಲೈಟಿನ ಕೆಳಗೆ, ನಂತರದ್ದು ರಿಂಗ್‌ಲೈಟಿನ ಮುಂದೆ. ಈ ವ್ಯತ್ಯಾಸ ಔಷಧದ್ದಲ್ಲ, ನಿಮ್ಮ ಬೆಳಕಿನದ್ದು ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಚರ್ಮ ಬೆಳ್ಳಗಾಗಿಸುವ ಯಾವ ಚುಚ್ಚುಮದ್ದಿಗೂ ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಒಪ್ಪಿಗೆ ಕೊಟ್ಟಿಲ್ಲ. ನಮ್ಮಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ, 2022ರ ಮಾರ್ಗಸೂಚಿಗಳಿವೆ. ಅಂಥ ಚಿತ್ರ ತೆಗೆಯುವುದಾದರೆ ಎರಡಕ್ಕೂ ಒಂದೇ ಬೆಳಕು, ಒಂದೇ ಎಕ್ಸ್‌ಪೋಷರ್ ಎಂದು ಹಟ ಹಿಡಿಯಿರಿ. ಒಪ್ಪದವರ ಕೆಲಸ ಬಿಡಿ.

ಮಿಕ್ಕಿದ್ದು ಸಣ್ಣಪುಟ್ಟದ್ದು. ಆಲ್ಬಮ್ ಡಿಸೈನಿಗೆ ಬೇರೆ ಊರಿಗೆ ಫೈಲು ಕಳಿಸುತ್ತೀರಲ್ಲ, ಅಲ್ಲಿ 500 ಮುಖಕ್ಕೂ ಒಂದೇ ಪ್ರೀಸೆಟ್ ಒತ್ತುವ ಹುಡುಗ ಆ ಮನೆಯವರನ್ನು ಕಂಡೇ ಇರುವುದಿಲ್ಲ. ಮೈಬಣ್ಣ ಮುಟ್ಟಬೇಡ ಎಂದು ಒಂದು ಸಾಲು ಬರೆದು ಕಳಿಸಿ. ಮೊಡವೆ ತೆಗೆಯುವುದಕ್ಕೆ ನನ್ನ ತಕರಾರಿಲ್ಲ, ಅದು ನಾಳೆ ಹೋಗುವಂಥದ್ದು. ಮಚ್ಚೆ, ಹುಟ್ಟುಗುರುತು, ಬಣ್ಣ ಇವು ಆ ಮನುಷ್ಯರದ್ದು. ಬೆಳ್ಳಗೆ ಮಾಡಿ ಎಂದು ಯಾರಾದರೂ ಕೇಳಿಯೇ ಕೇಳಿದರೆ, ಮೊದಲು ಚೆನ್ನಾದ ಬೆಳಕಿನಲ್ಲಿ ತೆಗೆದದ್ದನ್ನು ಹಾಗೇ ತೋರಿಸಿ, ಒಂದು ನಿಮಿಷ ಸುಮ್ಮನಿರಿ. ಆಮೇಲೂ ಬೇಕೆಂದರೆ ಅದು ಅವರ ಮುಖ, ಅವರ ಇಷ್ಟ. ಮಕ್ಕಳ ವಿಷಯದಲ್ಲಿ ಮಾತ್ರ ಈ ರಿಯಾಯಿತಿಯೂ ಬೇಡ. ನಿಮ್ಮ ಅಂಗಡಿಯ ಮುಂದಿನ ಗಾಜಿನಲ್ಲಿ ತೂಗುಹಾಕುವ ದೊಡ್ಡ ಫೋಟೊಗಳಲ್ಲಿ ಒಂದಾದರೂ ಎಣ್ಣೆಗೆಂಪು, ಕಪ್ಪು ಮೈಬಣ್ಣದ ಮದುಮಗಳದ್ದಿರಲಿ, ಆಕೆಯ ಒಪ್ಪಿಗೆ ಪಡೆದು. ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರು ಆ ಗಾಜಿನ ಮುಂದೆ ನಿಂತು ನೋಡುತ್ತಾರೆ.

ನಿಮ್ಮ ತಾಲ್ಲೂಕು ಛಾಯಾಗ್ರಾಹಕರ ಸಂಘಗಳಲ್ಲಿ ವರ್ಷಕ್ಕೊಮ್ಮೆ ಆಗಸ್ಟ್ 19ರಂದು ವಿಶ್ವ ಛಾಯಾಗ್ರಹಣ ದಿನ ಮಾಡುತ್ತೀರಿ, ಹಿರಿಯರಿಗೆ ಸನ್ಮಾನ, ರಕ್ತದಾನ ಎಲ್ಲ ಇಟ್ಟುಕೊಳ್ಳುತ್ತೀರಿ. ಈ ಸಲ ಅದರ ಜೊತೆಗೆ ಅರ್ಧ ದಿನ ಕಪ್ಪು ಮೈಬಣ್ಣಕ್ಕೆ ಬೆಳಕು ಕೊಡುವ ಕಾರ್ಯಾಗಾರ ಇಟ್ಟುಕೊಳ್ಳಿ. ಬೆಳಕಿನ ಪಾಠವನ್ನು ನಿಮ್ಮ ಹಿರಿಯರೇ ಮಾಡಲಿ. ಕರೆದರೆ ನಾನೂ ಬರುತ್ತೇನೆ, ಸ್ಟೀರಾಯ್ಡ್ ಟ್ಯೂಬುಗಳನ್ನು ಗುರುತಿಸುವುದು ಹೇಗೆ ಎಂದು ತೋರಿಸುತ್ತೇನೆ. ಮದುವೆಮನೆಯಲ್ಲಿ ಮದುಮಗಳ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡುವವರು ನೀವು, ಉರಿಯುವ ಚರ್ಮ ನಿಮ್ಮ ಕಣ್ಣಿಗೆ ಮೊದಲು ಬೀಳುತ್ತದೆ. ಅಂಥವರು ಕಂಡರೆ ಮೆಲ್ಲಗೆ ಹೇಳಿ ನನ್ನ ಬಳಿಗೋ ಹತ್ತಿರದ ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗಕ್ಕೋ ಕಳಿಸಿಕೊಡಿ. ಕಾರ್ಯಾಗಾರಕ್ಕೆ ಕ್ಯಾಮೆರಾದ ಮುಂದೆ ಕೂರಲು ಜನ ಬೇಕಾದರೆ ಚಿಂತೆ ಬೇಡ. ನನ್ನ ಬಣ್ಣ ಕಪ್ಪು, ಮೊದಲ ಸ್ಟೂಲಿನ ಮೇಲೆ ನಾನೇ ಕೂರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಚರ್ಮರೋಗ ವೈದ್ಯೆ